ದಿನಕ್ಕೆ 16 ರೂಪಾಯಿ: ಒಂದು ಶರ್ಟಿನ ಸಪ್ಲೈ ಚೈನ್

ಕಳವಾದಿಂದ ಮಾತಾಡ್ತಾ ಇದೀನಿ. ಇವತ್ತಿನ ವಿಷಯ ಸಪ್ಲೈ ಚೈನ್. ಬರೀ ಲಾಜಿಸ್ಟಿಕ್ಸ್ ಬಗ್ಗೆ ಹೇಳೋದಿದ್ದರೆ ಇಷ್ಟು ಹೊತ್ತು ನಿಮ್ಮನ್ನ ಕೂರಿಸುತ್ತಿರಲಿಲ್ಲ. ನಾನು ಮಾತಾಡಬೇಕು ಅಂದುಕೊಂಡಿರೋದು ಆ ಚೈನಿನಲ್ಲಿ ನ್ಯಾಯ ಎಲ್ಲಿ ಸೋರಿ ಹೋಗುತ್ತೆ, ಮತ್ತು ಅದಕ್ಕೂ ಕೀಬೋರ್ಡ್ ಮುಂದೆ ಕೂತಿರೋ ನಮಗೂ ಏನು ಸಂಬಂಧ ಅನ್ನೋದರ ಬಗ್ಗೆ.

ಮೊದಲು ನಾವು ಎಲ್ಲಿ ವಾಸ ಮಾಡ್ತಾ ಇದೀವಿ ಅಂತ ನೋಡೋಣ. ಕಳವಾದಿಂದ ಉತ್ತರಕ್ಕೆ ಹೋದರೆ ಭಿವಂಡಿ. ಒಂದು ಕಾಲಕ್ಕೆ ಪವರ್‌ಲೂಮ್‌ಗೆ ಹೆಸರಾಗಿದ್ದ ಊರು, ಈಗ ಅದರ ಸುತ್ತ ಮೈಲಿಗಟ್ಟಲೆ ಗೋಡೌನ್‌ಗಳು. ನೀವು ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದ ಚಪ್ಪಲಿ, ಮಿಕ್ಸರ್, ಮಗುವಿನ ಡಯಾಪರ್, ಬಹಳಷ್ಟು ಅಲ್ಲಿಂದಲೇ ಹೊರಡೋದು. ದಕ್ಷಿಣಕ್ಕೆ ಥಾಣೆ-ಬೇಲಾಪುರ ರಸ್ತೆ ಹಿಡಿದು ಹೋದರೆ, ಇನ್ನೂ ಮುಂದೆ, ನ್ಹಾವಾ ಶೇವಾ ಬಂದರು. 1989ರಲ್ಲಿ ಶುರುವಾದ ಈ ಬಂದರು ದೇಶದ ಅತಿ ದೊಡ್ಡ ಕಂಟೇನರ್ ಬಂದರುಗಳಲ್ಲಿ ಒಂದು. ಇವೆರಡರ ಮಧ್ಯೆ ಮುಂಬ್ರಾ ಬೈಪಾಸ್ ಮೇಲೆ ರಾತ್ರಿಯೆಲ್ಲಾ ಓಡೋ ಟ್ರೇಲರ್‌ಗಳನ್ನ ಬೈಯ್ಯದೇ ಇರೋ ಕಳವಾ ನಿವಾಸಿ ಇಲ್ಲ. ಇನ್ನು ಐರೋಳಿ, ಘನಸೋಳಿ, ಮಹಾಪೆ ಕಡೆ ನಾವು ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಹೋಗೋ ಆಫೀಸ್ ಪಾರ್ಕ್‌ಗಳು ನಿಂತಿರೋದು ಎಂಐಡಿಸಿಯ ಹಳೇ ಕೈಗಾರಿಕಾ ಪಟ್ಟಿಯ ಮೇಲೆ. ಅಂದರೆ ಸಾಮಾನು ಹೋಗೋ ದಾರಿಯ ಮೇಲೆಯೇ ನಮ್ಮ ಮನೆ, ಆ ಸಾಮಾನಿನ ಲೆಕ್ಕ ಇಡೋ ಸಾಫ್ಟ್‌ವೇರ್ ನಮ್ಮ ಕೆಲಸ. ಈ ಮಾತು ಕೇಳ್ತಾ ಇರೋರಲ್ಲಿ ಎಷ್ಟೋ ಜನ ರಿಟೇಲ್ ಕ್ಲೈಂಟ್‌ಗೆ, ಶಿಪ್ಪಿಂಗ್ ಕ್ಲೈಂಟ್‌ಗೆ, ಪೇರೋಲ್ ಪ್ರಾಡಕ್ಟ್‌ಗೆ ಕೋಡ್ ಬರೀತಾ ಇದೀರಿ. ಹಾಗಾಗಿ ಈ ವಿಷಯ ನಮ್ಮ ಮನೆಬಾಗಿಲಿನದ್ದೇ.

ಈಗ ನಮ್ಮ ಊರಿನ ಕಥೆಗೆ ಬರ್ತೀನಿ. ಸಪ್ಲೈ ಚೈನ್ ಅನ್ಯಾಯ ಅಂದ ತಕ್ಷಣ ನಮಗೆ ಬಾಂಗ್ಲಾದೇಶ, ಕಾಂಗೋ, ಚೀನಾ ನೆನಪಾಗುತ್ತೆ. ಅಷ್ಟು ದೂರ ಹೋಗೋದೇ ಬೇಡ. ಬೆಂಗಳೂರಿನ ಪೀಣ್ಯ, ಹೊಸೂರು ರಸ್ತೆ, ರಾಮನಗರ, ಮದ್ದೂರು, ಶ್ರೀರಂಗಪಟ್ಟಣ. ಬೆಳಗ್ಗೆ ಆರೂವರೆಗೆ ಹಳ್ಳಿ ಕ್ರಾಸ್‌ನಲ್ಲಿ ಟಿಫಿನ್ ಬಾಕ್ಸ್ ಹಿಡಿದು ಗಾರ್ಮೆಂಟ್ಸ್ ಬಸ್ಸಿಗೆ ಕಾಯೋ ಹೆಣ್ಣುಮಕ್ಕಳನ್ನ ನಾವೆಲ್ಲ ನೋಡಿದೀವಿ. ನಮ್ಮಲ್ಲಿ ಕೆಲವರ ಮನೆಯವರೇ ಆ ಬಸ್ಸಿನಲ್ಲಿ ಹೋಗ್ತಾರೆ. ನನ್ನ ಚಿಕ್ಕಮ್ಮನ ಮಗಳೂ ಮಂಡ್ಯದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್.

ಕನಿಷ್ಠ ವೇತನ ಅಂದರೆ ಎರಡು ಭಾಗ. ಒಂದು ಮೂಲ ವೇತನ. ಇನ್ನೊಂದು ವಿಡಿಎ, ಅಂದರೆ ಬೆಲೆ ಏರಿದಂತೆ ಏರೋ ತುಟ್ಟಿಭತ್ಯೆ. ಕರ್ನಾಟಕದಲ್ಲಿ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಸರ್ಕಾರ ಬೆಲೆ ಸೂಚ್ಯಂಕ ನೋಡಿ ಇದನ್ನ ಪರಿಷ್ಕರಿಸುತ್ತೆ. ಇದು ಇಂಕ್ರಿಮೆಂಟ್ ಅಲ್ಲ ಅನ್ನೋದು ಗಮನದಲ್ಲಿರಲಿ. ಅಕ್ಕಿ, ಎಣ್ಣೆ, ಬಾಡಿಗೆ ಏರಿದ್ದಕ್ಕೆ ಸಂಬಳ ಇದ್ದಲ್ಲೇ ನಿಲ್ಲೋಕೆ ಬೇಕಾದಷ್ಟು ಸೇರಿಸೋದು ಅಷ್ಟೇ. 2020ರ ಏಪ್ರಿಲ್‌ನಲ್ಲಿ ಕರ್ನಾಟಕದ ಗಾರ್ಮೆಂಟ್ ಕಾರ್ಮಿಕರಿಗೆ ಹೀಗೆ ಸೇರಬೇಕಿದ್ದ ಮೊತ್ತ ತಿಂಗಳಿಗೆ 417 ರೂಪಾಯಿ 60 ಪೈಸೆ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 16 ರೂಪಾಯಿ ಚಿಲ್ಲರೆ. ಕಳವಾ ಸ್ಟೇಷನ್ ಹೊರಗೆ ಒಂದು ವಡಾಪಾವ್‌ಗೆ ಕೊಡೋ ಅಷ್ಟು.

ಆಗ ಲಾಕ್‌ಡೌನ್ ಕಾಲ. ವಿದೇಶಿ ಬ್ರ್ಯಾಂಡ್‌ಗಳು ಆರ್ಡರ್ ಕ್ಯಾನ್ಸಲ್ ಮಾಡ್ತಾ ಇದ್ದವು. ಕಾರ್ಖಾನೆ ಮಾಲೀಕರು ಕಷ್ಟ ಹೇಳಿಕೊಂಡರು. ಜುಲೈನಲ್ಲಿ ರಾಜ್ಯ ಸರ್ಕಾರ ಈ ವಿಡಿಎ ಹೆಚ್ಚಳವನ್ನ 2021ರ ಮಾರ್ಚ್ ತನಕ ಮುಂದೂಡಿ ಅಧಿಸೂಚನೆ ಹೊರಡಿಸಿತು. ಕಾರ್ಮಿಕ ಸಂಘಟನೆಗಳು ಕೋರ್ಟಿಗೆ ಹೋದವು. ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕಾರ್ಮಿಕರ ಪರವಾಗಿ ಆದೇಶ ಕೊಟ್ಟಿತು: ಬಾಕಿಸಮೇತ ಕೊಡಬೇಕು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕಾರ್ಖಾನೆಗಳು ಕೊಡಲಿಲ್ಲ. ಕೇಸು ಇನ್ನೂ ನಡೀತಾ ಇದೆ, ಸರ್ಕಾರ ಬೇಡ ಅಂದಿದೆ, ಎಲ್ಲರೂ ಕೊಟ್ಟರೆ ನಾವೂ ಕೊಡ್ತೀವಿ, ಹೀಗೆ ಒಂದೊಂದು ಕಾರಣ. 2021ರ ಡಿಸೆಂಬರ್‌ನಲ್ಲಿ ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಅನ್ನೋ ಸಂಸ್ಥೆ, ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಕಾನೂನುಬದ್ಧ ಕನಿಷ್ಠ ವೇತನ ಸಿಕ್ಕಿಲ್ಲ ಅಂತ ಜಗತ್ತಿನ ಮುಂದೆ ಇಟ್ಟಿತು. ಫ್ಯಾಷನ್ ಉದ್ಯಮದಲ್ಲಿ ತಾನು ಕಂಡ ಅತಿ ದೊಡ್ಡ ಕೂಲಿ ಕಳ್ಳತನ ಇದು ಅಂತ ಹೇಳಿತು. ಅದಾದ ಮೇಲೆ, 2022ರ ಆರಂಭದಲ್ಲಿ, ದೇಶದ ಅತಿ ದೊಡ್ಡ ಗಾರ್ಮೆಂಟ್ ಕಂಪನಿ ಶಾಹಿ ಎಕ್ಸ್‌ಪೋರ್ಟ್ಸ್ ಬಾಕಿ ಕೊಡೋಕೆ ಒಪ್ಪಿತು. ಬೇರೆ ಕಂಪನಿಗಳೂ ಒಂದೊಂದಾಗಿ ಹಿಂಬಾಲಿಸಿದವು.

ಈಗ ನಮ್ಮ ಎಂಜಿನಿಯರ್ ಬುದ್ಧಿ ಉಪಯೋಗಿಸಿ ಒಂದು ಲೆಕ್ಕ ಮಾಡೋಣ. 4 ಲಕ್ಷ ಜನಕ್ಕೆ 417.60 ರೂಪಾಯಿ ಅಂದರೆ ತಿಂಗಳಿಗೆ 16.7 ಕೋಟಿ. ವರ್ಷಕ್ಕೆ 200 ಕೋಟಿ. ಒಬ್ಬಳ ಕೈಯಲ್ಲಿ ವಡಾಪಾವ್ ಕಾಸು, ಒಟ್ಟುಗೂಡಿಸಿದರೆ 200 ಕೋಟಿ. ಸ್ಕೇಲ್ ಅಂದರೆ ಏನು ಅಂತ ನಮಗೆ ಹೇಳಿಕೊಡಬೇಕಾಗಿಲ್ಲ.

ಇದೇ ಲೆಕ್ಕವನ್ನ ಇನ್ನೊಂದು ಕಡೆಯಿಂದ ನೋಡಿ. ಉದಾಹರಣೆಗೆ ಒಂದು ಲೈನಿನಲ್ಲಿ 40 ಜನ, ದಿನಕ್ಕೆ 600 ಶರ್ಟ್ ಅಂತ ಇಟ್ಟುಕೊಳ್ಳಿ. 40 ಜನಕ್ಕೆ ದಿನಕ್ಕೆ 16 ರೂಪಾಯಿ ಜಾಸ್ತಿ ಕೊಟ್ಟರೆ 640 ರೂಪಾಯಿ. 600 ಶರ್ಟಿಗೆ ಹಂಚಿದರೆ ಒಂದು ಶರ್ಟಿಗೆ ಒಂದು ರೂಪಾಯಿ ಏಳು ಪೈಸೆ. ಲೈನ್ ಸ್ವಲ್ಪ ನಿಧಾನ ಅಂದುಕೊಳ್ಳಿ, ಎರಡು ರೂಪಾಯಿ. ಆ ಶರ್ಟ್ ಲಂಡನ್ನಿನಲ್ಲೋ ಸ್ಟಾಕ್‌ಹೋಮ್‌ನಲ್ಲೋ ಸಾವಿರಾರು ರೂಪಾಯಿಗೆ ಮಾರಾಟವಾಗುತ್ತೆ. ಆ ಎರಡು ರೂಪಾಯಿಗೋಸ್ಕರ ಎರಡು ವರ್ಷ ಹೋರಾಟ ನಡೀಬೇಕಾಯ್ತು.

ಯಾಕೆ? ಮಾಲೀಕರು ಕೆಟ್ಟವರು ಅಂತ ಹೇಳಿ ಎದ್ದು ಹೋಗೋದು ಸುಲಭ. ಕೆಲವರು ಇರಬಹುದು. ಆದರೆ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತೆ ನೋಡಿ. ಬ್ರ್ಯಾಂಡ್‌ಗೆ ಸಾಮಾನ್ಯವಾಗಿ ಸ್ವಂತ ಕಾರ್ಖಾನೆ ಇರಲ್ಲ. ಅದು ಆರ್ಡರ್ ಕೊಡುತ್ತೆ. ಕಾರ್ಖಾನೆಯವನು ಬಟ್ಟೆ, ನೂಲು, ಗುಂಡಿ ಎಲ್ಲಾ ತನ್ನ ದುಡ್ಡಲ್ಲಿ ತಂದು, ಹೊಲಿಸಿ, ಹಡಗಿಗೆ ಹಾಕಿದ ಮೇಲೆ, ಎಷ್ಟೋ ವಾರ ಕಳೆದು ದುಡ್ಡು ಬರುತ್ತೆ. ಅಂದರೆ ಸಾಲ ಕೊಡ್ತಾ ಇರೋನು ಬಡವ, ತಗೋತಾ ಇರೋನು ಶ್ರೀಮಂತ. ಮಧ್ಯದಲ್ಲಿ ಡಿಸೈನ್ ಬದಲಾಗುತ್ತೆ, ಸಂಖ್ಯೆ ಬದಲಾಗುತ್ತೆ, ತಲುಪೋ ದಿನಾಂಕ ಮಾತ್ರ ಬದಲಾಗಲ್ಲ. ತಡವಾದರೆ ದಂಡ, ಇಲ್ಲಾ ಸ್ವಂತ ಖರ್ಚಲ್ಲಿ ವಿಮಾನದಲ್ಲಿ ಕಳಿಸಬೇಕು. ಕಾರ್ಖಾನೆಯವನ ಕೈಯಲ್ಲಿ ಹಿಂಡೋಕೆ ಉಳಿಯೋದು ಒಂದೇ: ಟೈಲರ್ ಸಮಯ. ಗಂಟೆಗೆ ಇಷ್ಟು ಪೀಸ್ ಅನ್ನೋ ಟಾರ್ಗೆಟ್ ಏರುತ್ತೆ, ಓಟಿ ಬದಲು ಕಂಪ್ ಆಫ್ ಬರುತ್ತೆ, ಸೂಪರ್‌ವೈಸರ್ ಬಾಯಿ ಜೋರಾಗುತ್ತೆ.

ನನ್ನ ತಂಗಿಯನ್ನ ಫೋನಿನಲ್ಲಿ ಕೇಳಿದೆ, "ಪೇಸ್ಲಿಪ್‌ನಲ್ಲಿ ವಿಡಿಎ ಎಷ್ಟು ಅಂತ ನೋಡ್ತೀಯಾ?" ಅಂತ. ಅವಳು ನಕ್ಕಳು. "ಅದ್ರಲ್ಲಿ ಏನೇನೋ ಇಂಗ್ಲಿಷಲ್ಲಿ ಇರ್ತದೆ ಕಣಣ್ಣ. ಅಕೌಂಟ್‌ಗೆ ಎಷ್ಟ್ ಬಿತ್ತು ಅಂತ ಮೆಸೇಜ್ ಬತ್ತದಲ್ಲ, ಅದೇ ನಮ್ಗೆ ಲೆಕ್ಕ" ಅಂದಳು. ಆ ಪೇಸ್ಲಿಪ್ ಕೂಡ ಯಾವುದೋ ಸಾಫ್ಟ್‌ವೇರಿನಿಂದಲೇ ಬರೋದು. ಅದನ್ನ ಕನ್ನಡದಲ್ಲಿ ಕೊಡೋಕೆ ಎಷ್ಟು ದಿನದ ಕೆಲಸ? ಕೇಳ್ತಾ ಇರೋ ಡೆವಲಪರ್‌ಗಳು ಮನಸ್ಸಲ್ಲೇ ಎಸ್ಟಿಮೇಟ್ ಹಾಕಿಕೊಳ್ಳಿ.

"ಆದರೆ ಬ್ರ್ಯಾಂಡ್‌ಗಳು ಆಡಿಟ್ ಮಾಡಿಸ್ತಾವಲ್ಲ?" ಅಂತ ನೀವು ಕೇಳಬಹುದು. ಮಾಡಿಸ್ತಾವೆ. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕೆಲವೇ ವಾರ ಮುಂಚೆ ಆ ಕಾರ್ಖಾನೆಗೆ ಸಾಮಾಜಿಕ ಹೊಣೆಗಾರಿಕೆಯ ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಸಿಕ್ಕಿತ್ತು. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿದ್ದ ಕಾರ್ಖಾನೆಗಳೂ ಆಡಿಟ್ ಕಂಡಿದ್ದವು. ಕರ್ನಾಟಕದ ಕಥೆಯಲ್ಲೂ ನೋಡಿ, ಕನಿಷ್ಠ ವೇತನ ಕೊಟ್ಟಿಲ್ಲ ಅನ್ನೋದು ಗುಟ್ಟಾಗಿರಲಿಲ್ಲ. ಸರ್ಕಾರದ ಅಧಿಸೂಚನೆ, ಕೋರ್ಟ್ ಆದೇಶ, ಪೇಸ್ಲಿಪ್ ಮೂರನ್ನೂ ಪಕ್ಕದಲ್ಲಿಟ್ಟರೆ ಸಾಕಿತ್ತು. ಟೆಸ್ಟಿಂಗ್ ಮಾಡೋರಿಗೆ ಇದು ಗೊತ್ತಿರೋ ಮಾತು: ಟೆಸ್ಟ್ ಕೇಸ್ ಬರೆಯೋನೂ, ಅದನ್ನ ಪಾಸ್ ಮಾಡಿಸಬೇಕಾದೋನೂ, ಅದಕ್ಕೆ ದುಡ್ಡು ಕೊಡೋನೂ ಒಂದೇ ಕಡೆಯವರಾದರೆ ಎಲ್ಲಾ ಹಸಿರೇ ಕಾಣುತ್ತೆ.

ಹಾಗಾದರೆ ಯಾವುದು ಕೆಲಸ ಮಾಡುತ್ತೆ? ಶ್ರೀರಂಗಪಟ್ಟಣದ ಉದಾಹರಣೆ ತಗೊಳ್ಳಿ. ಅಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಒಂದು ಕಾರ್ಖಾನೆ ಎಚ್ ಅಂಡ್ ಎಂ ಕಂಪನಿಗೆ ಬಟ್ಟೆ ಹೊಲೀತಾ ಇತ್ತು. 2020ರ ಜೂನ್‌ನಲ್ಲಿ ಆರ್ಡರ್ ಇಲ್ಲ ಅಂತ ಅದನ್ನ ಮುಚ್ಚಿದರು. 1,200ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು, ಹೆಚ್ಚಿನವರು ಹೆಂಗಸರು. ಆ ಕಾರ್ಖಾನೆಯಲ್ಲಿ ಯೂನಿಯನ್ ಬಲವಾಗಿತ್ತು, ಅದಕ್ಕೇ ಮುಚ್ಚಿದರು ಅನ್ನೋದು ಕಾರ್ಮಿಕರ ದೂರು. ಕಂಪನಿ ಅದನ್ನ ಒಪ್ಪಲಿಲ್ಲ. ಹೆಂಗಸರು ವಾರಗಟ್ಟಲೆ ಕಾರ್ಖಾನೆಯಲ್ಲಿ ಧರಣಿ ಕೂತರು. ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಅವರ ಜೊತೆ ನಿಂತಿತು, ಅಂತರರಾಷ್ಟ್ರೀಯ ಕಾರ್ಮಿಕ ಒಕ್ಕೂಟಗಳು ಬ್ರ್ಯಾಂಡ್ ಮೇಲೆ ಒತ್ತಡ ತಂದವು. 2021ರ ಆರಂಭದಲ್ಲಿ ಒಪ್ಪಂದ ಆಯ್ತು: ಕೆಲಸ ಕಳೆದುಕೊಂಡವರಿಗೆ ಕಂಪನಿಯ ಬೇರೆ ಕಾರ್ಖಾನೆಗಳಲ್ಲಿ ಮತ್ತೆ ಕೆಲಸ, ಯೂನಿಯನ್‌ಗೆ ಮಾನ್ಯತೆ. ಇಲ್ಲಿ ಕೆಲಸ ಮಾಡಿದ್ದು ಎರಡು. ಕಾರ್ಖಾನೆಯ ಒಳಗಿಂದ ಮಾತಾಡೋ ಧೈರ್ಯ ಮತ್ತು ಸಂಘಟನೆ. ಹೊರಗಿಂದ, ಆರ್ಡರ್ ಕೊಡೋನು ಕೇಳಲೇಬೇಕಾದ ಸ್ಥಿತಿ. ಒಂದು ಇಲ್ಲದೆ ಇನ್ನೊಂದು ಸಾಲುತ್ತಿರಲಿಲ್ಲ.

ಇದಕ್ಕೂ ಮುಂಚೆ 2016ರ ಏಪ್ರಿಲ್‌ನಲ್ಲಿ ಒಂದು ಸಲ ಇದೇ ಹೆಣ್ಣುಮಕ್ಕಳು ದೇಶದ ಗಮನ ಸೆಳೆದಿದ್ದರು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನ 58 ವರ್ಷದ ತನಕ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತರೋಕೆ ಹೊರಟಾಗ, ಸಾವಿರಾರು ಜನ ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಆ ನಿಯಮ ವಾಪಸ್ ಹೋಯಿತು. ಅದರಿಂದ ಪ್ರಯೋಜನ ಆಗಿದ್ದು ಅವರಿಗಷ್ಟೇ ಅಲ್ಲ. ನಿಮ್ಮ, ನನ್ನ ಪಿಎಫ್‌ಗೂ ಅದೇ ನಿಯಮ ಅನ್ವಯ ಆಗಬೇಕಿತ್ತು.

ಇನ್ನೊಂದು ಘಟನೆ ನೇರವಾಗಿ ಐಟಿಯವರಿಗೆ. 2020ರ ಡಿಸೆಂಬರ್ 12, ಕೋಲಾರ ಜಿಲ್ಲೆಯ ನರಸಾಪುರ. ಐಫೋನ್ ಜೋಡಿಸ್ತಾ ಇದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ದೊಡ್ಡ ದಾಂಧಲೆ ಮಾಡಿದರು, ಗಾಜು ಪುಡಿ, ವಾಹನಗಳು ಜಖಂ. ಆ ಹಿಂಸೆಯನ್ನ ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ ಹಿಂದಿನ ಕಾರಣ ನೋಡಿ. ಕಾರ್ಖಾನೆಗಳ ಇಲಾಖೆ ಪರಿಶೀಲನೆ ಮಾಡಿದಾಗ ಗೊತ್ತಾಗಿದ್ದು: ಕೆಲವೇ ತಿಂಗಳಲ್ಲಿ ಕಾರ್ಮಿಕರ ಸಂಖ್ಯೆ ಸುಮಾರು 5,000ದಿಂದ 10,500ಕ್ಕೆ ಏರಿತ್ತು, ಶಿಫ್ಟ್ 12 ಗಂಟೆಗೆ ಬದಲಾಗಿತ್ತು, ಅದನ್ನ ನಿಭಾಯಿಸೋ ಎಚ್‌ಆರ್ ವ್ಯವಸ್ಥೆ ಇರಲಿಲ್ಲ, ಮತ್ತು ಹಾಜರಾತಿ ದಾಖಲಿಸೋ ಎಲೆಕ್ಟ್ರಾನಿಕ್ ವ್ಯವಸ್ಥೆ ಸರಿಯಾಗಿ ಕೆಲಸ ಮಾಡ್ತಾ ಇರಲಿಲ್ಲ. ಮಾಡಿದ ಗಂಟೆಗೂ ಬಂದ ಸಂಬಳಕ್ಕೂ ತಾಳೆ ಆಗ್ತಾ ಇರಲಿಲ್ಲ. ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ಕೆಲವರಿಗೆ ತಡವಾಗಿದೆ ಅಂತ ಆಪಲ್ ಕೂಡ ಒಪ್ಪಿಕೊಂಡು, ವಿಸ್ಟ್ರಾನ್‌ಗೆ ಹೊಸ ಬಿಸಿನೆಸ್ ಕೊಡೋದನ್ನ ತಡೆಹಿಡಿಯಿತು. ವಿಸ್ಟ್ರಾನ್ ಕಾರ್ಮಿಕರ ಕ್ಷಮೆ ಕೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಕೈಗೆ ಹೋಯಿತು.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಅಲ್ಲಿ ಒಂದು ಓಪನ್ ಬಗ್ ಇತ್ತು. ವಾರಗಟ್ಟಲೆ ಓಪನ್. ಅದರ ಸಿವಿಯಾರಿಟಿ ಎಷ್ಟು ಅಂತ ನಿರ್ಧರಿಸೋರು ಬೇರೆ ಕಡೆ ಇದ್ದರು, ಅದರ ಪರಿಣಾಮ ಅನುಭವಿಸೋರು ಬೇರೆ ಕಡೆ. ಪ್ರೊಡಕ್ಷನ್ ಸಂಖ್ಯೆ ತೋರಿಸೋ ಡ್ಯಾಶ್‌ಬೋರ್ಡ್ ಒಂದು ದಿನ ನಿಂತಿದ್ದರೆ ರಾತ್ರಿಯೇ ಕಾಲ್ ಬರುತ್ತಿತ್ತು. ಹಾಜರಾತಿ ತಪ್ಪಾಗಿದ್ದಕ್ಕೆ ಯಾರಿಗೂ ಕಾಲ್ ಬರಲಿಲ್ಲ.

ಎಂ.ಟೆಕ್‌ನಲ್ಲಿ ಆಪ್ಟಿಮೈಸೇಶನ್ ಓದಿದವರಿಗೆ ಈ ಮಾತು ಬೇಗ ಹಿಡಿಸುತ್ತೆ. ಯಾವುದೇ ಸಮಸ್ಯೆಯಲ್ಲಿ ಎರಡು ಇರ್ತಾವೆ. ಒಂದು ಆಬ್ಜೆಕ್ಟಿವ್, ಅಂದರೆ ಕಡಿಮೆ ಮಾಡಬೇಕಾದ ವೆಚ್ಚ. ಇನ್ನೊಂದು ಕನ್ಸ್‌ಟ್ರೇಂಟ್, ಅಂದರೆ ಏನೇ ಆದರೂ ಮೀರಬಾರದ ಗೆರೆ. ಜಾಗತಿಕ ಸಪ್ಲೈ ಚೈನಿನಲ್ಲಿ ತಲುಪೋ ದಿನಾಂಕ ಕನ್ಸ್‌ಟ್ರೇಂಟ್, ಕ್ವಾಲಿಟಿ ಕನ್ಸ್‌ಟ್ರೇಂಟ್, ಬಣ್ಣದ ಶೇಡ್ ಕೂಡ ಕನ್ಸ್‌ಟ್ರೇಂಟ್. ಕೂಲಿ ಮಾತ್ರ ವೆಚ್ಚದ ಸಾಲಿನಲ್ಲಿ ಕೂತಿದೆ, ಎಷ್ಟು ಇಳಿದರೆ ಅಷ್ಟು ಒಳ್ಳೇದು ಅಂತ. ಫೇರ್ ಟ್ರೇಡ್ ಅನ್ನೋದನ್ನ ಒಂದೇ ವಾಕ್ಯದಲ್ಲಿ ಹೇಳಿ ಅಂದರೆ ನಾನು ಹೀಗೆ ಹೇಳ್ತೀನಿ: ಕೂಲಿಯನ್ನ, ಬೆಳೆಗಾರನ ಬೆಲೆಯನ್ನ, ವೆಚ್ಚದ ಸಾಲಿನಿಂದ ಎತ್ತಿ ಕನ್ಸ್‌ಟ್ರೇಂಟ್ ಸಾಲಿಗೆ ಹಾಕೋದು.

ಫೇರ್ ಟ್ರೇಡ್ ಲೇಬಲ್ ಹುಟ್ಟಿದ್ದೂ ಹಾಗೇ. 1988ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ, ಮೆಕ್ಸಿಕೋದ ಸಣ್ಣ ಬೆಳೆಗಾರರ ಕಾಫಿಗೆ. ಮಾರುಕಟ್ಟೆ ಎಷ್ಟೇ ಕುಸಿದರೂ ಇಷ್ಟಕ್ಕಿಂತ ಕಡಿಮೆ ಕೊಡಲ್ಲ ಅನ್ನೋ ಕನಿಷ್ಠ ಬೆಲೆ, ಅದರ ಮೇಲೆ ಊರಿನ ಕೆಲಸಕ್ಕೆ ಸ್ವಲ್ಪ ಪ್ರೀಮಿಯಂ. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70 ಬೆಳೆಯೋ ಕೊಡಗು, ಚಿಕ್ಕಮಗಳೂರು, ಹಾಸನದ ನಮಗೆ ಬೆಲೆ ಕುಸಿತ ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ಲೇಬಲ್ ಒಳ್ಳೇದು, ಆದರೆ ಅದಕ್ಕೆ ಮಿತಿ ಇದೆ. ಅದು ಪ್ಯಾಕೆಟ್ ನೋಡಿ ನಾಲ್ಕು ಕಾಸು ಹೆಚ್ಚು ಕೊಡೋ ಗ್ರಾಹಕನ ಮೇಲೆ ನಿಂತಿದೆ. ತೋಟದ ಲೈನ್‌ಮನೆಯಲ್ಲಿ ಇರೋ ಕೂಲಿಯ ತನಕ ಆ ಕಾಸು ಇಳೀತಾ ಇಲ್ವಾ ಅನ್ನೋದು ಮತ್ತೆ ಬೇರೆ ಪ್ರಶ್ನೆ.

ಅದಕ್ಕೇ ಈಗ ಜಗತ್ತು ಕಾನೂನಿನ ಕಡೆ ಹೊರಳಿದೆ. 2011ರಲ್ಲಿ ವಿಶ್ವಸಂಸ್ಥೆಯ ಮಾರ್ಗಸೂಚಿಗಳು ಬಂದವು. ಕಂಪನಿ ತನ್ನ ಚೈನಿನಲ್ಲಿ ಆಗೋ ಮಾನವ ಹಕ್ಕು ಉಲ್ಲಂಘನೆಯನ್ನ ಹುಡುಕಿ ಸರಿಪಡಿಸಬೇಕು ಅನ್ನೋ ತತ್ವ ಅದರಲ್ಲಿದೆ. ಫ್ರಾನ್ಸ್ 2017ರಲ್ಲಿ ಅದನ್ನ ಕಾನೂನು ಮಾಡಿತು. ಜರ್ಮನಿಯ ಕಾನೂನು 2023ರ ಜನವರಿಯಿಂದ ಜಾರಿಗೆ ಬಂತು. ಯೂರೋಪಿಯನ್ ಯೂನಿಯನ್ 2024ರಲ್ಲಿ ನಿರ್ದೇಶನ ತಂದಿತು, ಆಮೇಲೆ ಉದ್ಯಮದ ಒತ್ತಡಕ್ಕೆ ಅದನ್ನ ಸಡಿಲಿಸೋ ಪ್ರಯತ್ನವೂ ಶುರುವಾಯಿತು. ನಮ್ಮಲ್ಲೂ ಸೆಬಿ 2022-23ರಿಂದ ದೊಡ್ಡ 1,000 ಲಿಸ್ಟೆಡ್ ಕಂಪನಿಗಳಿಗೆ ಬಿಆರ್‌ಎಸ್‌ಆರ್ ವರದಿ ಕಡ್ಡಾಯ ಮಾಡಿದೆ. ಈ ವರದಿಗಳಿಗೆ ಬೇಕಾದ ಡೇಟಾ, ಫಾರ್ಮ್, ಡ್ಯಾಶ್‌ಬೋರ್ಡ್ ಎಲ್ಲಾ ಮಾಡೋದು ಯಾರು? ಬಹಳಷ್ಟು ನಾವೇ. ಐರೋಳಿಯಲ್ಲಿ, ಪುಣೆಯಲ್ಲಿ, ಬೆಂಗಳೂರಿನಲ್ಲಿ.

ಇದು ವಿದೇಶದಿಂದ ಬಂದ ನೀತಿಪಾಠ ಅಂತ ಅಂದುಕೊಳ್ಳಬೇಡಿ. ನಮ್ಮ ದೇಶದ ಗುತ್ತಿಗೆ ಕಾರ್ಮಿಕ ಕಾಯ್ದೆ 1970ರಲ್ಲೇ ಒಂದು ಮಾತು ಬರೆದಿತ್ತು: ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. "ಅವನು ನಮ್ಮ ವೆಂಡರ್, ನಮಗೆ ಗೊತ್ತಿಲ್ಲ" ಅನ್ನೋ ನೆಪಕ್ಕೆ ಅಲ್ಲಿ ಜಾಗ ಇರಲಿಲ್ಲ. 1982ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಕಟ್ಟಡ ಕಾರ್ಮಿಕರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳೋದು ಸಂವಿಧಾನದ 23ನೇ ವಿಧಿ ನಿಷೇಧಿಸಿರೋ ಬಲವಂತದ ದುಡಿಮೆ ಅಂತ ಹೇಳಿತು. ಹೊಟ್ಟೆಪಾಡಿಗಾಗಿ ಒಪ್ಪಿಕೊಂಡರೂ ಅದು ಬಲವಂತವೇ. ಆ 16 ರೂಪಾಯಿಯನ್ನ ಈ ತೀರ್ಪಿನ ಪಕ್ಕದಲ್ಲಿಟ್ಟು ನೋಡಿ. ಅದು ಚಿಲ್ಲರೆ ವಿಷಯ ಆಗಿ ಉಳಿಯಲ್ಲ.

ಇಲ್ಲಿ ಒಂದು ಗಂಭೀರ ಆಕ್ಷೇಪ ಇದೆ, ಅದನ್ನ ದಾಟಿ ಹೋಗೋದು ಸರಿಯಲ್ಲ. "ಕೂಲಿ ಜಾಸ್ತಿ ಮಾಡಿದರೆ ಆರ್ಡರ್ ಬೇರೆ ಕಡೆ ಹೋಗುತ್ತೆ, ಇದ್ದ ಕೆಲಸವೂ ಹೋಗುತ್ತೆ." ಈ ಭಯ ಸುಳ್ಳಲ್ಲ. ಬೆಂಗಳೂರಿನ ಕಾರ್ಖಾನೆಗಳು ಕೂಲಿ ಕಡಿಮೆ ಇರೋ ಜಿಲ್ಲೆಗಳಿಗೆ, ಬೇರೆ ರಾಜ್ಯಗಳಿಗೆ ಹರಡಿದ್ದನ್ನ ನೋಡಿದೀವಿ. ಮತ್ತೆ, ಗಾರ್ಮೆಂಟ್ಸ್ ಕೆಲಸ ಹಳ್ಳಿಯ ಹೆಣ್ಣುಮಕ್ಕಳಿಗೆ ಕೊಟ್ಟಿರೋದನ್ನ ನಾನು ಕಡೆಗಣಿಸಲ್ಲ. ನನ್ನ ತಂಗಿಯ ಹೆಸರಲ್ಲಿ ಬ್ಯಾಂಕ್ ಅಕೌಂಟ್ ಇದೆ, ಮಗಳ ಸ್ಕೂಲ್ ಫೀಸು ಅವಳೇ ಕಟ್ತಾಳೆ, ಮನೆಯಲ್ಲಿ ಅವಳ ಮಾತಿಗೆ ಬೆಲೆ ಇದೆ. ಕಾರ್ಖಾನೆ ಮುಚ್ಚಲಿ ಅಂತ ಅವಳೂ ಹೇಳಲ್ಲ, ನಾನೂ ಹೇಳಲ್ಲ. ಆದರೆ ಒಂದು ಶರ್ಟಿಗೆ ಎರಡು ರೂಪಾಯಿ ಏರಿದರೆ ಓಡಿ ಹೋಗೋ ಆರ್ಡರ್, ಅದು ಕೊಳ್ಳುವವರ ನಡುವೆ ಒಂದು ಸಮಾನ ಗೆರೆ ಇಲ್ಲದ್ದರಿಂದ ಓಡುತ್ತೆ. ಆ ಗೆರೆ ಎಲ್ಲಾ ದೇಶದ, ಎಲ್ಲಾ ಬ್ರ್ಯಾಂಡ್‌ಗಳಿಗೂ ಒಂದೇ ಆಗಿದ್ದರೆ ಓಡೋಕೆ ಜಾಗ ಇರಲ್ಲ. ಸಪ್ಲೈ ಚೈನ್ ಕಾನೂನುಗಳ ಉದ್ದೇಶವೇ ಅದು. ಅದೂ ಅಲ್ಲದೆ, ನಾವಿಲ್ಲಿ ಮಾತಾಡ್ತಾ ಇರೋದು ಕಾನೂನು ಹೇಳಿದ ಕನಿಷ್ಠದ ಬಗ್ಗೆ.

ಈಗ ನಮ್ಮ ಕೆಲಸಕ್ಕೆ ಬರೋಣ. ನಮ್ಮ ಟೀಮ್ ಒಂದು ವಿದೇಶಿ ರಿಟೇಲರ್‌ಗೆ ವೆಂಡರ್ ಪೋರ್ಟಲ್ ಮಾಡ್ತಾ ಇತ್ತು. ಒಂದು ರಿಕ್ವೈರ್‌ಮೆಂಟ್ ಹೀಗಿತ್ತು: ಸರಕು ತಡವಾದರೆ ದಂಡ ತಾನಾಗಿಯೇ ಲೆಕ್ಕ ಆಗಬೇಕು. ನಾವು ಕೇಳಿದ ಪ್ರಶ್ನೆ ಸಣ್ಣದು: ಆರ್ಡರ್ ಕೊಟ್ಟ ಮೇಲೆ ಕೊಳ್ಳುವವರೇ ಡಿಸೈನ್ ಬದಲಾಯಿಸಿದ್ದರೆ? ಆ ಬದಲಾವಣೆಯ ದಿನಾಂಕ ಎಲ್ಲೂ ಸೇವ್ ಆಗ್ತಾನೇ ಇರಲಿಲ್ಲ. ಇದರಿಂದ ಮುಂದೆ ವೆಂಡರ್‌ಗಳ ಜೊತೆ ಜಗಳ ಬರುತ್ತೆ, ಡೇಟಾ ತಪ್ಪಾಗುತ್ತೆ ಅಂತ ವಾದಿಸಿದೆವು. ನೀತಿಯ ಮಾತು ಎತ್ತಲಿಲ್ಲ, ಸರಿಯಾದ ಡೇಟಾ ಮಾತು ಎತ್ತಿದೆವು. ಕ್ಲೈಂಟ್ ಒಪ್ಪಿದರು. ಈಗ ಯಾರು, ಯಾವಾಗ, ಏನು ಬದಲಾಯಿಸಿದರು ಅನ್ನೋದು ದಾಖಲಾಗುತ್ತೆ, ಕೊಳ್ಳುವವರ ಕಡೆಯಿಂದ ಆದ ತಡಕ್ಕೆ ದಂಡ ಹಾಕೋ ಮುಂಚೆ ಒಬ್ಬ ಮನುಷ್ಯ ನೋಡಿ ಒಪ್ಪಬೇಕು. ಇದರಿಂದ ಜಗತ್ತು ಬದಲಾಯಿತು ಅಂತ ಹೇಳ್ತಾ ಇಲ್ಲ. ಯಾವುದೋ ಊರಿನ ಒಂದು ಲೈನಿನಲ್ಲಿ ಒಂದು ಸಂಜೆಯ ಓಟಿ ತಪ್ಪಿರಬಹುದು. ಒಂದು ಕಾಲಂ ಸೇರಿಸೋಕೆ ಅಷ್ಟು ಸಾಕು.

ಹಾಗಾಗಿ ನಾನು ಹೇಳೋದು ಮಾಡಬಹುದಾದಂಥವು ಮಾತ್ರ.

ಒಂದು, ನೀವು ಪೇರೋಲ್, ಹಾಜರಾತಿ, ವೆಂಡರ್ ಸಿಸ್ಟಮ್ ಮೇಲೆ ಕೆಲಸ ಮಾಡ್ತಾ ಇದ್ದರೆ, ಸಂಬಳ ತಪ್ಪಾಗಿಸೋ ಬಗ್‌ಗೆ ಪೇಮೆಂಟ್ ಗೇಟ್‌ವೇ ಬಿದ್ದಾಗ ಕೊಡೋ ಅಷ್ಟೇ ಸಿವಿಯಾರಿಟಿ ಕೊಡಿ, ಕೊಡಿಸಿ. ಕನಿಷ್ಠ ವೇತನದ ಪರಿಷ್ಕರಣೆ ಯಾವಾಗ ಬರುತ್ತೆ ಅನ್ನೋದು ಸಿಸ್ಟಮ್‌ಗೆ ಗೊತ್ತಿರಲಿ, ಅದಕ್ಕಿಂತ ಕಡಿಮೆ ಎಂಟ್ರಿ ಬಂದರೆ ಅದು ಕೂಗಲಿ. ಪೇಸ್ಲಿಪ್ ಓದೋಳ ಭಾಷೆಯಲ್ಲಿ ಇರಲಿ.

ಎರಡು, ನಿಮ್ಮ ಸೊಸೈಟಿಯ ವಾಚ್‌ಮನ್, ಹೌಸ್‌ಕೀಪಿಂಗ್ ಹೆಂಗಸರು. ಅವರೂ ಗುತ್ತಿಗೆಯವರು, ಅಲ್ಲಿ ಕೊಳ್ಳುವವರು ನಾವೇ. ಎಜಿಎಂನಲ್ಲಿ ಏಜೆನ್ಸಿಯ ಅತಿ ಕಡಿಮೆ ಕೊಟೇಶನ್ ಆರಿಸೋಕೆ ಮುಂಚೆ, ಆ ದುಡ್ಡಲ್ಲಿ ಕನಿಷ್ಠ ವೇತನ, ಪಿಎಫ್, ಇಎಸ್‌ಐ ಕೊಟ್ಟು ಏನು ಉಳಿಯುತ್ತೆ ಅಂತ ಭಾಗಿಸಿ ನೋಡಿ. ಲೆಕ್ಕ ಕೂಡದಿದ್ದರೆ ಆ ಕೊಟೇಶನ್ ಯಾರ ಜೇಬಿನಿಂದ ಕಡಿಮೆಯಾಗಿದೆ ಅಂತ ಗೊತ್ತಾಗುತ್ತೆ. ಪಿಎಫ್ ಚಲನ್ ಕಾಪಿ ಕೇಳಿ. ಇದನ್ನ ಕೇಳೋ ಒಬ್ಬರಿದ್ದರೂ ಏಜೆನ್ಸಿ ಹುಷಾರಾಗುತ್ತೆ.

ಮೂರು, ನಮ್ಮ ಪಕ್ಕದ ಡೊಂಬಿವಲಿ. 2016ರ ಮೇ 26ರಂದು ಎಂಐಡಿಸಿಯ ಒಂದು ರಾಸಾಯನಿಕ ಕಾರ್ಖಾನೆ ಸ್ಫೋಟ, 2024ರ ಮೇ 23ರಂದು ಮತ್ತೊಂದು. ಎರಡರಲ್ಲೂ ಹತ್ತು ಹತ್ತಕ್ಕೂ ಹೆಚ್ಚು ಜನ ಸತ್ತರು, ಕಿಲೋಮೀಟರ್ ದೂರದ ಮನೆಗಳ ಕಿಟಕಿ ಗಾಜು ಒಡೆಯಿತು. ಇಂಥ ಪಟ್ಟಿಗಳಲ್ಲಿ ತಯಾರಾಗೋ ಬಣ್ಣ, ಔಷಧದ ಕಚ್ಚಾ ರಾಸಾಯನಿಕಗಳೂ ಯಾವುದೋ ಚೈನಿನ ಒಂದು ಕೊಂಡಿ. ಅಲ್ಲಿ ಫ್ಲ್ಯಾಟ್ ತಗೊಂಡಿರೋ ಕನ್ನಡದವರು ಬಹಳ ಜನ ಇದೀರಿ. ಕಾರ್ಖಾನೆ ಸುರಕ್ಷತಾ ಪರಿಶೀಲನೆ ಆಗಿದೆಯಾ ಅಂತ ಆರ್‌ಟಿಐ ಹಾಕೋಕೆ ಹತ್ತು ರೂಪಾಯಿ ಸಾಕು. ಒಬ್ಬರೇ ಹಾಕೋಕೆ ಹಿಂಜರಿಕೆ ಅನ್ನಿಸಿದರೆ ನಾಲ್ಕೈದು ಜನ ಸೇರಿ ಕೂತು ಬರೆಯಿರಿ, ಅರ್ಜಿ ಮಾತ್ರ ಒಬ್ಬರ ಹೆಸರಲ್ಲೇ ಇರಲಿ.

ನಾಲ್ಕು, ಕೊಳ್ಳೋದು. ಬ್ರ್ಯಾಂಡ್ ಬಾಯ್ಕಾಟ್ ಮಾಡಿ ಅಂತ ನಾನು ಹೇಳಲ್ಲ. ಆರ್ಡರ್ ನಿಂತರೆ ಮೊದಲ ಏಟು ಬೀಳೋದು ಮದ್ದೂರಿನ ಬಸ್ ಸ್ಟಾಪಿನಲ್ಲಿ ನಿಂತಿರೋಳಿಗೆ. ಅದರ ಬದಲು ಪ್ರಶ್ನೆ ಕೇಳಿ. ಕೆಲವು ಬ್ರ್ಯಾಂಡ್‌ಗಳು ತಮ್ಮ ಕಾರ್ಖಾನೆಗಳ ಪಟ್ಟಿಯನ್ನ ವೆಬ್‌ಸೈಟಿನಲ್ಲಿ ಹಾಕಿವೆ. ಒಂದು ಸಲ ತೆಗೆದು ನೋಡಿ. ನಿಮ್ಮ ತಾಲ್ಲೂಕಿನ ಹೆಸರು ಅಲ್ಲಿ ಸಿಕ್ಕರೆ ಆಶ್ಚರ್ಯ ಪಡಬೇಡಿ. ಊರಿಗೆ ಹೋದಾಗ ಆ ಕಾರ್ಖಾನೆಗೆ ಹೋಗೋ ಒಬ್ಬರನ್ನಾದರೂ ಕೂರಿಸಿ, ಪೇಸ್ಲಿಪ್ ತೆಗೆಸಿ, ವಿಡಿಎ ಯಾವ ಸಾಲಿನಲ್ಲಿದೆ, ಈ ವರ್ಷ ಎಷ್ಟಿರಬೇಕಿತ್ತು ಅಂತ ತೋರಿಸಿ. ನನ್ನ ತಂಗಿಗೆ ವಾಟ್ಸಾಪ್ ವಿಡಿಯೋ ಕಾಲ್‌ನಲ್ಲಿ ತೋರಿಸೋಕೆ ಹಿಡಿದಿದ್ದು ಹತ್ತೇ ನಿಮಿಷ. ಮಾರನೇ ದಿನ ಊಟದ ಹೊತ್ತಲ್ಲಿ ಅವಳು ತನ್ನ ಲೈನಿನ ಇನ್ನೂ ಆರು ಜನಕ್ಕೆ ತೋರಿಸಿದಳಂತೆ.

ಈ ವಿಷಯದಲ್ಲಿ ನಿಮ್ಮ ಆಫೀಸಿನಲ್ಲೋ, ಸೊಸೈಟಿಯಲ್ಲೋ ಏನಾದರೂ ಮಾಡಿ ನೋಡಿದ್ದರೆ ಬರೆದು ತಿಳಿಸಿ. ಪೇಸ್ಲಿಪ್ ಓದೋದು ಹೇಗೆ ಅಂತ ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ ಮಾಡ್ತಾ ಇದೀನಿ. ಲೇಬರ್ ಕಾನೂನು ಗೊತ್ತಿರೋರು ಯಾರಾದರೂ ಒಂದು ಸಲ ಕಣ್ಣಾಡಿಸಿ ಕೊಟ್ಟರೆ ದೊಡ್ಡ ಉಪಕಾರ.